ಓದುಗರ ಪತ್ರ, ವೈದ್ಯರ ಉತ್ತರ: ಖಾಲಿ ಮಾತ್ರೆ ಸಿಕ್ಕರೆ ತಂಗಿಯ ಗತಿಯೇನು?

ಪ್ರಶ್ನೆ: ನನ್ನ ತಂಗಿಗೆ 32 ವರ್ಷ. ಅರಸೀಕೆರೆ ಹತ್ತಿರದ ಶಾಲೆಯೊಂದರಲ್ಲಿ ಶಿಕ್ಷಕಿ. ಒಂದೂವರೆ ವರ್ಷದ ಹಿಂದೆ ಬೆರಳು ಊದಿಕೊಂಡವು. ಆಮೇಲೆ ಚರ್ಮ ಬಿಗಿಯುತ್ತ ಬಿಗಿಯುತ್ತ ಮೊಣಕೈ ದಾಟಿ ಎದೆಯವರೆಗೂ ಬಂದಿದೆ. ಸೀಮೆಸುಣ್ಣ ಹಿಡಿಯಲು ಒದ್ದಾಡುತ್ತಾಳೆ. ಬಾಯಿ ಪೂರ್ತಿ ತೆರೆಯಲಾಗದೆ ಮುದ್ದೆಯನ್ನು ಗೋಲಿಯಷ್ಟು ಸಣ್ಣಗೆ ಮುರಿದು ನುಂಗುತ್ತಾಳೆ. ಬೆಂಗಳೂರಿನಲ್ಲಿ ಸ್ಕ್ಲೆರೋಡರ್ಮ ಎಂದಿದ್ದಾರೆ, ಶ್ವಾಸಕೋಶದಲ್ಲೂ ಸ್ವಲ್ಪ ಕಾಣಿಸಿದೆಯಂತೆ. ಈಗ ಹೊಸ ಔಷಧವೊಂದರ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಅರ್ಧ ಜನಕ್ಕೆ ಔಷಧ, ಇನ್ನರ್ಧಕ್ಕೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ‘ನನ್ನ ಮಗಳನ್ನ ಇಲಿ ಮಾಡ್ತಾರಾ’ ಎಂದು ಅಮ್ಮ ಅಳುತ್ತಾರೆ. ಕಾಯಿಲೆಯವಳಿಗೆ ಖಾಲಿ ಮಾತ್ರೆ ಕೊಡುವುದು ನ್ಯಾಯವೇ? ಸೇರಿಸಬೇಕೋ ಬೇಡವೋ?
– ಓದುಗರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ತಾಯಿಯವರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ಭಯ ತಪ್ಪಲ್ಲ. ಅವರನ್ನು ಸಮಾಧಾನ ಮಾಡಿ ಮನೆಯಲ್ಲಿ ಕೂರಿಸಿ, ನೀವಷ್ಟೇ ಹೋಗಿ ಸಹಿ ಹಾಕಿಸಿಕೊಂಡು ಬರಬೇಡಿ. ಜೊತೆಗೆ ಕರೆದುಕೊಂಡು ಹೋಗಿ. ಇದೇ ಪ್ರಶ್ನೆಯನ್ನು ಡಾಕ್ಟರ ಎದುರಿಗೇ ಕೇಳಲಿ. ಅವರಿಗೆ ಅರ್ಥವಾಗುವ ಹಾಗೆ ಉತ್ತರ ಕೊಡುವ ಪುರುಸೊತ್ತಿಲ್ಲದ ಕಡೆ ನಿಮ್ಮ ತಂಗಿ ಟ್ರಯಲ್‌ಗೆ ಸೇರುವುದು ಬೇಡ.

ಖಾಲಿ ಮಾತ್ರೆ ಯಾಕೆ ಬೇಕಾಯಿತು ಎಂಬುದಕ್ಕೆ ನನ್ನದೇ ಒಂದು ತಪ್ಪು ಹೇಳಬೇಕು. 1990ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಹೂವು ಕಟ್ಟಿ ಮಾರುವ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಸ್ಕ್ಲೆರೋಡರ್ಮವೇ. ಬಾಳೆನಾರು ಸುತ್ತಿ ಗಂಟು ಹಾಕಲು ಬೆರಳು ಮಡಚುತ್ತಿರಲಿಲ್ಲ. ಗಂಟೆಗೆ ಎಂಟು ಮೊಳ ಕಟ್ಟುತ್ತಿದ್ದವಳು ಎರಡು ಮೊಳಕ್ಕೆ ಇಳಿದಿದ್ದಳು. ಆಗ ನಾವೆಲ್ಲ ಈ ಕಾಯಿಲೆಗೆ ಪೆನಿಸಿಲಮೈನ್ ಕೊಡುತ್ತಿದ್ದೆವು. ಚರ್ಮ ಬಿಗಿಯುವುದು ಅದರೊಳಗೆ ಕೊಲಾಜೆನ್ ಎಂಬ ನಾರು ಮಿತಿಮೀರಿ ತುಂಬಿಕೊಳ್ಳುವುದರಿಂದ. ಆ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದನ್ನು ಪೆನಿಸಿಲಮೈನ್ ತಡೆಯುತ್ತದೆ ಎಂಬುದು ಲೆಕ್ಕಾಚಾರ. ಕೇಳಲು ಎಷ್ಟು ಸರಿಯಾಗಿದೆ ನೋಡಿ. ನಾನೂ ನಂಬಿದೆ, ಡೋಸು ಏರಿಸುತ್ತ ಹೋದೆ.

ಎರಡು ವರ್ಷದಲ್ಲಿ ಅವಳ ಮುಂಗೈ ಚರ್ಮ ನಿಜಕ್ಕೂ ಸಡಿಲವಾಯಿತು. ಈ ಕಾಯಿಲೆಯಲ್ಲಿ ನಾವು ಚರ್ಮವನ್ನು ಅಳೆಯುವುದು ಯಂತ್ರದಿಂದಲ್ಲ, ನಮ್ಮ ಬೆರಳಿನಿಂದಲೇ. ಮೈಮೇಲೆ 17 ಜಾಗ. ಎರಡೂ ಕಡೆಯ ಬೆರಳು, ಅಂಗೈ ಹಿಂಭಾಗ, ಮುಂಗೈ, ತೋಳು, ತೊಡೆ, ಕಣಕಾಲು, ಪಾದ, ಜೊತೆಗೆ ಮುಖ, ಎದೆ, ಹೊಟ್ಟೆ. ಪ್ರತಿ ಜಾಗದಲ್ಲೂ ಚರ್ಮವನ್ನು ಚಿವುಟಿದ ಹಾಗೆ ಹಿಡಿದು ಎತ್ತಿ ನೋಡುತ್ತೇವೆ. ಸಲೀಸಾಗಿ ಎದ್ದರೆ ಸೊನ್ನೆ. ದಪ್ಪಗಾಗಿದ್ದರೂ ಮಡಿಕೆ ಬಿದ್ದರೆ ಒಂದು. ಮಡಿಕೆ ಬೀಳದಿದ್ದರೂ ಅತ್ತಿತ್ತ ಸರಿದರೆ ಎರಡು. ಕೆಳಗಿನ ಮೂಳೆಗೇ ಅಂಟಿಸಿದಂತೆ ಕದಲದೆ ಇದ್ದರೆ ಮೂರು. ಎಲ್ಲ ಕೂಡಿದರೆ ಗರಿಷ್ಠ 51. ಅವಳದು 30ರ ಆಸುಪಾಸಿನಿಂದ 20ರ ಕೆಳಗೆ ಇಳಿದಿತ್ತು. ‘ಮಾತ್ರೆ ಹಿಡಿದಿದೆ ನೋಡವ್ವಾ’ ಎಂದೆ. ಅಷ್ಟರಲ್ಲಿ ಅವಳ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿತ್ತು, ನಾಲಿಗೆಯ ರುಚಿ ಸತ್ತಿತ್ತು. ‘ಡಾಕ್ಟ್ರ, ಸಾರಿಗೆ ಉಪ್ಪ ಹಾಕೇನೋ ಇಲ್ಲೋ ನಾಲಿಗಿಗೆ ತಿಳೀವಲ್ದ್ರಿ’ ಎಂದಿದ್ದಳು. ಚರ್ಮ ಮೆತ್ತಗಾಗುತ್ತಿದೆಯಲ್ಲ, ಸ್ವಲ್ಪ ತಡಕೋ ಎಂದು ಹೇಳಿ ಕಳಿಸಿದ್ದೆ.

1999ರಲ್ಲಿ ಅಮೆರಿಕದ ಅಧ್ಯಯನವೊಂದರ ಫಲಿತಾಂಶ ಬಂತು. 134 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ದಿನಕ್ಕೆ 750ರಿಂದ 1000 ಮಿಲಿಗ್ರಾಂ ಪೆನಿಸಿಲಮೈನ್. ಇನ್ನೊಂದಕ್ಕೆ ಹೆಸರಿಗೆ ಮಾತ್ರ ಎನ್ನುವಷ್ಟು, ದಿನ ಬಿಟ್ಟು ದಿನ 125 ಮಿಲಿಗ್ರಾಂ. ಎರಡು ವರ್ಷದ ನಂತರ ಎರಡೂ ಗುಂಪಿನವರ ಚರ್ಮ ಮೆತ್ತಗಾಗಿತ್ತು, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ! ವ್ಯತ್ಯಾಸ ಕಂಡಿದ್ದು ತೊಂದರೆಯಲ್ಲಿ. ಅಡ್ಡಪರಿಣಾಮದಿಂದಾಗಿ ಬಿಟ್ಟುಹೋದ 20 ಜನರಲ್ಲಿ 16 ಮಂದಿ ದೊಡ್ಡ ಡೋಸಿನವರು.

ಅದನ್ನು ಓದಿದ ರಾತ್ರಿ ಆ ಹೂವಿನವಳ ನಾಲಿಗೆ ನೆನಪಾಗಿ ನನಗೆ ನಿದ್ದೆ ಬರಲಿಲ್ಲ. ಸ್ಕ್ಲೆರೋಡರ್ಮದ ಸ್ವಭಾವವೇ ಅದು. ಮೊದಲ ಕೆಲವು ವರ್ಷ ಚರ್ಮ ಬಿಗಿಯುತ್ತ ಹೋಗಿ, ಆಮೇಲೆ ಅನೇಕರಲ್ಲಿ ತಾನಾಗಿಯೇ ಸಡಿಲಗೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರು ಏನು ಕೊಟ್ಟಿರುತ್ತಾರೋ ಅದಕ್ಕೆ ಹೆಸರು ಬರುತ್ತದೆ. ನಾನು ಕೊಟ್ಟ ಮಾತ್ರೆಗೆ ಬಂದ ಹಾಗೆ, ಯಾರೋ ಕೊಟ್ಟ ಎಣ್ಣೆಗೆ, ಬೇರಿಗೆ, ಹರಕೆಗೂ ಬರುತ್ತದೆ. ಔಷಧ ತಗೊಂಡವರ ಪಕ್ಕದಲ್ಲಿ ತಗೊಳ್ಳದವರನ್ನೂ ಇಟ್ಟು, ಯಾರು ಯಾರೆಂದು ಅಳೆಯುವ ಡಾಕ್ಟರಿಗೂ ತಿಳಿಯದಂತೆ ಮಾಡಿದಾಗ ಮಾತ್ರ ನಿಜ ಹೊರಬೀಳುತ್ತದೆ. ಅಳೆಯುವುದು ನಮ್ಮ ಬೆರಳು ತಾನೇ? ಔಷಧ ಸಿಕ್ಕಿದೆ ಎಂದು ಗೊತ್ತಿದ್ದರೆ ಬೆರಳಿಗೂ ಚರ್ಮ ಮೆತ್ತಗೆ ಕಂಡೀತು.

ಹಾಗೆಂದು ಎಲ್ಲದಕ್ಕೂ ಖಾಲಿ ಮಾತ್ರೆ ಬೇಕು ಎನ್ನುವವಳಲ್ಲ ನಾನು. ಇದೇ ಕಾಯಿಲೆಯಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಬಿಪಿ ಏರಿ ಮೂತ್ರಪಿಂಡ ಕೈಕೊಡುತ್ತದೆ. ಕ್ಯಾಪ್ಟೊಪ್ರಿಲ್ ಗುಂಪಿನ ಬಿಪಿ ಮಾತ್ರೆಗಳು ಬರುವ ಮೊದಲು, ಹಾಗಾದವರಲ್ಲಿ ವರ್ಷ ದಾಟಿ ಬದುಕಿದವರು ನೂರಕ್ಕೆ 15. ಬಂದ ಮೇಲೆ 76. ಪಿಟ್ಸ್‌ಬರ್ಗ್‌ನ ವೈದ್ಯರು 1990ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಸಾವು ಬದುಕಿನ ನಡುವೆ ಇಷ್ಟು ಅಂತರ ಕಣ್ಣಿಗೇ ಕಾಣುವಾಗ ಯಾರಿಗೂ ಖಾಲಿ ಮಾತ್ರೆ ಕೊಡಬೇಕಿಲ್ಲ, ಕೊಡಲೂಬಾರದು. ಈ ಮಾತು ಬಂದಿದ್ದರಿಂದ ಇನ್ನೊಂದು ವಿಷಯ. ನಿಮ್ಮ ತಂಗಿಗೆ ಒಂದು ಬಿಪಿ ಯಂತ್ರ ಕೊಡಿಸಿ, ವಾರಕ್ಕೆ ಎರಡು ಮೂರು ಸಲ ನೋಡಿ ಬರೆದಿಡಲಿ. ಕೈನೋವಿಗೆಂದು ಯಾರಾದರೂ ಹೆಚ್ಚಿನ ಡೋಸಿನ ಸ್ಟೀರಾಯ್ಡ್ ಬರೆದುಕೊಟ್ಟರೆ, ಸ್ಕ್ಲೆರೋಡರ್ಮ ನೋಡುವ ಡಾಕ್ಟರನ್ನು ಕೇಳದೆ ನುಂಗಬಾರದು. ಮೂತ್ರಪಿಂಡದ ಆ ಆಪತ್ತಿಗೆ ಸ್ಟೀರಾಯ್ಡ್ ದಾರಿ ಮಾಡಿಕೊಡುತ್ತದೆ.

ಈಗ ಸೇರಬೇಕೋ ಬೇಡವೋ ಎಂಬ ಮಾತು. ನಾನಾಗಿದ್ದರೆ ಮೊದಲು ಕೇಳುವುದು ಒಂದೇ: ಟ್ರಯಲ್‌ಗೆ ಸೇರಿದ ಮೇಲೂ ಶ್ವಾಸಕೋಶಕ್ಕೆಂದು ಈಗ ಕೊಡುವ ಮೈಕೋಫೆನೊಲೇಟ್ ಎಂಬ ಔಷಧ ತಗೊಳ್ಳಬಹುದೇ? ಚರ್ಮ ತಾನಾಗಿ ಸಡಿಲವಾದೀತು, ಶ್ವಾಸಕೋಶದಲ್ಲಿ ಬಿದ್ದ ಕಲೆ ಹಾಗೆ ಹೋಗುವುದಿಲ್ಲ. ಅದಕ್ಕೆ ಇಂದು ಸಾಬೀತಾದ ಔಷಧ ಇದೆ. 2006ರಲ್ಲಿ 158 ಜನರ ಅಧ್ಯಯನ ಸೈಕ್ಲೊಫಾಸ್ಫಮೈಡ್ ಕೆಲಸ ಮಾಡುತ್ತದೆ ಎಂದು ತೋರಿಸಿತು. 2016ರಲ್ಲಿ 142 ಜನರ ಇನ್ನೊಂದು ಅಧ್ಯಯನ, ಮೈಕೋಫೆನೊಲೇಟ್ ಅಷ್ಟೇ ಕೆಲಸ ಮಾಡಿ ಮೈಗೆ ಕಡಿಮೆ ತ್ರಾಸು ಕೊಡುತ್ತದೆ ಎಂದು ತೋರಿಸಿತು. 2019ರಲ್ಲಿ ನಿಂಟೆಡನಿಬ್ ಬಂತು. 576 ಜನರ ಆ ಟ್ರಯಲ್‌ನಲ್ಲಿ ಅರ್ಧದಷ್ಟು ಮಂದಿ ಮೈಕೋಫೆನೊಲೇಟ್ ತಗೊಳ್ಳುತ್ತಲೇ ಇದ್ದರು. ಅದರ ಮೇಲೆ ಹೊಸ ಔಷಧ ಇಲ್ಲವೇ ಖಾಲಿ ಗುಳಿಗೆ. ಅಂದರೆ ಖಾಲಿ ಗುಳಿಗೆ ಸಿಕ್ಕವರೆಲ್ಲ ಬರಿಗೈಲಿ ಕೂತಿರಲಿಲ್ಲ. ನಿಮ್ಮ ತಂಗಿಗೆ ಹೇಳಿರುವುದೂ ಇಂಥ ಟ್ರಯಲ್ ಆಗಿದ್ದರೆ ಯೋಚಿಸಬಹುದು. ಶ್ವಾಸಕೋಶದಲ್ಲಿ ಕಾಯಿಲೆ ಇರುವಾಗ ಇರುವ ಔಷಧ ಬಿಡಿಸಿ ತಿಂಗಳುಗಟ್ಟಲೆ ಖಾಲಿ ಮಾತ್ರೆಯ ಮೇಲೆ ಇಡುವ ಟ್ರಯಲ್ ಆಗಿದ್ದರೆ ನನ್ನ ಮಗಳನ್ನು ನಾನು ಕಳಿಸುವುದಿಲ್ಲ, ನಿಮ್ಮ ತಂಗಿಯನ್ನೂ ಕಳಿಸಬೇಡಿ.

ಹೊಸದು ಎಂದರೆ ಒಳ್ಳೆಯದು ಎಂಬ ಆಸೆಯೂ ಬೇಡ. ನಿಂಟೆಡನಿಬ್‌ನಿಂದ ಸಿಕ್ಕ ಲಾಭ ಎಷ್ಟು ಗೊತ್ತೇ? ಖಾಲಿ ಗುಳಿಗೆಯವರು ಒಮ್ಮೆಗೆ ಹೊರಬಿಡಬಲ್ಲ ಉಸಿರಿನ ಪ್ರಮಾಣ ವರ್ಷಕ್ಕೆ 93 ಮಿಲಿಲೀಟರ್ ಇಳಿದರೆ, ನಿಂಟೆಡನಿಬ್‌ನವರಿಗೆ 52. ಉಳಿದದ್ದು 41 ಮಿಲಿಲೀಟರ್, ಎಂಟು ಟೀ ಚಮಚದಷ್ಟು. ವರ್ಷ ವರ್ಷವೂ ಉಳಿದರೆ ಅದು ಸಣ್ಣದಲ್ಲ. ಆದರೆ ನಾಲ್ವರಲ್ಲಿ ಮೂವರಿಗೆ ಭೇದಿ, ಚರ್ಮಕ್ಕೆ ಏನೂ ಪ್ರಯೋಜನವಿಲ್ಲ. ರಿಲ್ಯಾಕ್ಸಿನ್ ಎಂಬ ಇನ್ನೊಂದು ಔಷಧ ಎರಡನೇ ಹಂತದಲ್ಲಿ ಎಲ್ಲರಿಗೂ ಭರವಸೆ ಹುಟ್ಟಿಸಿ ಮೂರನೇ ಹಂತದಲ್ಲಿ ಸೋತಿತು. ಅದನ್ನು ನಿಲ್ಲಿಸಿದ ಮೇಲೆ ಕೆಲವರ ಮೂತ್ರಪಿಂಡಕ್ಕೂ ಪೆಟ್ಟು ಬಿತ್ತು. ಹಾಗಾಗಿ ಖಾಲಿ ಮಾತ್ರೆ ಸಿಕ್ಕವರು ನತದೃಷ್ಟರು ಎಂದು ಮೊದಲೇ ಹೇಳಲು ಬರುವುದಿಲ್ಲ.

ಹಕ್ಕುಗಳು ಗೊತ್ತಿರಲಿ. ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್ ವೇಳೆ ಮೈಗೆ ತೊಂದರೆಯಾದರೆ ಚಿಕಿತ್ಸೆ ಉಚಿತ. ತೊಂದರೆ ಟ್ರಯಲ್‌ನಿಂದಲೇ ಎಂದು ಖಚಿತವಾದರೆ ಪರಿಹಾರವನ್ನೂ ಕೊಡಬೇಕು. ಟ್ರಯಲ್‌ಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ಆ ಆಸ್ಪತ್ರೆಗೆ ಸೇರದ ಹೊರಗಿನವರಿರಬೇಕು, ಅವರಲ್ಲಿ ವೈದ್ಯರಲ್ಲದ ಸಾಮಾನ್ಯ ಜನರೂ ಇರಬೇಕು. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ಕನ್ನಡದಲ್ಲಿರುವುದನ್ನೇ ಕೇಳಿ ಪಡೆಯಿರಿ, ಮನೆಗೆ ತಂದು ಊಟವಾದ ಮೇಲೆ ಎಲ್ಲರೂ ಕೂತು ಓದಿ. ಯಾವಾಗ ಬೇಕಾದರೂ ಕಾರಣ ಹೇಳದೆ ಬಿಡಬಹುದು. ಬಿಟ್ಟರೆ ಆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಗೆ ಧಕ್ಕೆ ಬರಬಾರದು. ಟ್ರಯಲ್‌ನ ಸಿಟಿಆರ್‌ಐ ನಂಬರ್ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2007ರಲ್ಲಿ ಶುರು ಮಾಡಿದ ಟ್ರಯಲ್‌ಗಳ ನೋಂದಣಿ ಇದು, 2009ರಿಂದ ಕಡ್ಡಾಯ. ನಂಬರ್ ಹಾಕಿದರೆ ಯಾರು ನಡೆಸುತ್ತಿದ್ದಾರೆ, ಎಷ್ಟು ಜನರ ಮೇಲೆ, ಎಷ್ಟು ಕಾಲ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಹಾಸನದಿಂದ ಹೋಗಿಬರುವ ಖರ್ಚು, ಅವಳ ರಜೆ, ಟ್ರಯಲ್ ಮುಗಿದ ಮೇಲೆ ಔಷಧ ಹಿಡಿಸಿದ್ದರೆ ಮುಂದೆ ಸಿಗುತ್ತದೋ ಇಲ್ಲವೋ, ಇದನ್ನೆಲ್ಲ ಸಂಕೋಚ ಬಿಟ್ಟು ಕೇಳಿ. ಮಕ್ಕಳಾಗುವ ಯೋಚನೆ ಇದ್ದರೆ ಅದನ್ನು ಎಲ್ಲಕ್ಕೂ ಮೊದಲೇ ಹೇಳಬೇಕು. ಮೈಕೋಫೆನೊಲೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ.

ಮುದ್ದೆಗೆ ಸಾರು ಸ್ವಲ್ಪ ಹೆಚ್ಚಾಗಿ ಬಡಿಸಿ, ಊಟವಾದ ಕೂಡಲೇ ಮಲಗಲು ಬಿಡಬೇಡಿ. ಬಾಯಿ ಅಗಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ದಿನಾ ಮಾಡಬೇಕು.

ಪ್ರಶ್ನೆ: ಮಗಳಿಗೆ 24, ತೂಕ 45 ಕಿಲೋ. ಮೂರು ವರ್ಷದಿಂದ ಲೂಪಸ್ (ರೋಗನಿರೋಧಕ ಶಕ್ತಿ ತನ್ನ ಮೈಮೇಲೇ ತಿರುಗಿಬೀಳುವ ಕಾಯಿಲೆ). ಮುಖದ ಕೆಂಪು, ಕೀಲುನೋವು ಎಲ್ಲ ಹೋಗಿದೆ. ದಿನಕ್ಕೊಂದು ಹೈಡ್ರಾಕ್ಸಿಕ್ಲೋರೊಕ್ವಿನ್ 200 ಮಿಲಿಗ್ರಾಂ ಮಾತ್ರ ನಡೆದಿದೆ. ಅದರಿಂದ ಕಣ್ಣು ಹೋಗುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ಮದುವೆ ಮಾತುಕತೆಯೂ ನಡೆದಿದೆ. ಆರಾಮವಾಗಿದ್ದಾಳಲ್ಲ, ನಿಲ್ಲಿಸಬಹುದೇ?
– ತಾಯಿ, ಶಿವಮೊಗ್ಗ

ಉತ್ತರ: ಬೇಡಮ್ಮ, ನಿಲ್ಲಿಸಬೇಡಿ. ನಿಮ್ಮ ಪ್ರಶ್ನೆಯನ್ನೇ ಕೆನಡಾದ ವೈದ್ಯರು ಕೇಳಿಕೊಂಡು 1991ರಲ್ಲಿ ಉತ್ತರ ಪ್ರಕಟಿಸಿದ್ದಾರೆ. ನಿಮ್ಮ ಮಗಳ ಹಾಗೆಯೇ ಕಾಯಿಲೆ ಹತೋಟಿಯಲ್ಲಿದ್ದ 47 ಜನ. 25 ಮಂದಿಗೆ ಮಾತ್ರೆ ಮುಂದುವರಿಸಿದರು, 22 ಮಂದಿಗೆ ಗೊತ್ತಾಗದಂತೆ ಖಾಲಿ ಮಾತ್ರೆಗೆ ಬದಲಾಯಿಸಿದರು. ಆರು ತಿಂಗಳೊಳಗೆ ಮಾತ್ರೆ ಇದ್ದವರಲ್ಲಿ 9 ಜನಕ್ಕೆ, ಇಲ್ಲದವರಲ್ಲಿ 16 ಜನಕ್ಕೆ ಕಾಯಿಲೆ ಮರುಕಳಿಸಿತು. ಅವಳು ಆರಾಮವಾಗಿರುವುದು ಮಾತ್ರೆಯ ಆಸರೆಯಲ್ಲಿ. ಇಷ್ಟು ಚಿಕ್ಕ ಅಧ್ಯಯನ ಇಷ್ಟು ವರ್ಷ ಸಾವಿರಾರು ಹೆಣ್ಣುಮಕ್ಕಳನ್ನು ಕಾಯುತ್ತಿದೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಕಣ್ಣಿನ ಭಯ ಪೂರ್ತಿ ಸುಳ್ಳಲ್ಲ, ಆದರೆ ಡೋಸಿನ ಮೇಲೆ ನಿಂತಿದೆ. ತೂಕದ ಕಿಲೋಗೆ 5 ಮಿಲಿಗ್ರಾಂ ದಾಟದಿದ್ದರೆ ಮೊದಲ ಹತ್ತು ವರ್ಷದಲ್ಲಿ ಅಕ್ಷಿಪಟಲಕ್ಕೆ ಹಾನಿಯಾಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ನಿಮ್ಮ ಮಗಳ ತೂಕಕ್ಕೆ 225ರವರೆಗೆ ಆಗುತ್ತದೆ, 200 ಸರಿಯಾಗಿದೆ. ಶುರುವಿನಲ್ಲಿ ಕಣ್ಣು ತೋರಿಸದಿದ್ದರೆ ಈಗಲೇ ಒಮ್ಮೆ ತೋರಿಸಿ, ಐದು ವರ್ಷದ ನಂತರ ವರ್ಷಕ್ಕೊಮ್ಮೆ. ಬಸುರಿನಲ್ಲೂ ಈ ಮಾತ್ರೆ ಬಿಡುವಂತಿಲ್ಲ. ಹುಡುಗನ ಮನೆಯವರಿಗೆ ಮೊದಲೇ ಹೇಳಿಬಿಡಿ. ಮದುವೆಯಾದ ಮೇಲೆ ಅತ್ತೆಗೆ ಕಾಣದ ಹಾಗೆ ಅಕ್ಕಿ ಡಬ್ಬಿಯಲ್ಲಿ ಮಾತ್ರೆ ಬಚ್ಚಿಟ್ಟು, ಆಮೇಲೆ ಬಿಟ್ಟೇಬಿಟ್ಟು, ಮೂತ್ರಪಿಂಡ ಹಾಳು ಮಾಡಿಕೊಂಡು ಬಂದವರನ್ನು ನೋಡಿದ್ದೇನೆ.

2020ರ ಮಾರ್ಚ್, ಏಪ್ರಿಲ್ ತಿಂಗಳು ಇನ್ನೂ ಮನಸ್ಸಿನಲ್ಲಿದೆ. ಕೊರೊನಾಗೆ ಇದೇ ಮದ್ದು ಎಂದು ಜನ ಮುಗಿಬಿದ್ದು ಕೊಂಡರು. ನನ್ನ ಲೂಪಸ್ ರೋಗಿಗಳು ಗದಗ, ಹಾವೇರಿಯಿಂದ ಫೋನ್ ಮಾಡಿ, ಯಾವ ಮೆಡಿಕಲ್ ಶಾಪಿನಲ್ಲೂ ಸ್ಟಾಕ್ ಇಲ್ಲ ಎಂದು ಅಳುತ್ತಿದ್ದರು. ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್, ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲ ಎಂದು ತೋರಿಸಿತು. ಹೋಲಿಸಿ ನೋಡುವ ಮೊದಲೇ ನಂಬಿದ್ದಕ್ಕೆ ಬೆಲೆ ತೆತ್ತವರು ಈ ಮಾತ್ರೆ ನಿಜವಾಗಿ ಬೇಕಿದ್ದವರು.

ಪ್ರಶ್ನೆ: ನಮ್ಮ ಯಜಮಾನರು 20 ವರ್ಷದಿಂದ ಗ್ರಾನೈಟ್ ಕೊಯ್ಯುವ ಕೆಲಸದಲ್ಲಿದ್ದಾರೆ. ಈಗ ಕೆಮ್ಮು, ದಮ್ಮು. ಬೆರಳಿನ ಚರ್ಮ ಕಟ್ಟಿಗೆಯಂತಾಗಿದೆ. ಇದೂ ಸ್ಕ್ಲೆರೋಡರ್ಮ ಎನ್ನುತ್ತಾರೆ. ಕಲ್ಲಿನ ಧೂಳಿಗೂ ಚರ್ಮಕ್ಕೂ ಸಂಬಂಧ ಇದೆಯೇ?
– ಇಳಕಲ್

ಉತ್ತರ: ಇದೆ, ತಂಗಿ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೇ ಬಹಳ ಹೆಚ್ಚು. ಗಂಡಸು ಈ ಕೈ ಹೊತ್ತು ಬಂದರೆ ನಾನು ಮೊದಲು ಕೇಳುವುದು ‘ಏನು ಕೆಲಸ’ ಎಂದು. 1914ರಲ್ಲೇ ಎಡಿನ್‌ಬರೋದ ಬೈರಂ ಬ್ರಾಮ್‌ವೆಲ್ ಎಂಬ ವೈದ್ಯರು ತಮ್ಮ ರೋಗಿಗಳಲ್ಲಿ ಕಲ್ಲುಕುಟಿಗರೇ ಹೆಚ್ಚಿರುವುದನ್ನು ಗಮನಿಸಿದರು. ತಣ್ಣನೆಯ ಉಳಿ ಹಿಡಿದು ಹೀಗಾಗಿರಬೇಕು ಎಂದುಕೊಂಡರು. ಕಾರಣ ಉಳಿಯಲ್ಲ, ಕಲ್ಲಿನೊಳಗಿನ ಸಿಲಿಕಾ. 1957ರಲ್ಲಿ ಎರಾಸ್ಮಸ್ ಎಂಬವರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲಿ ಇದನ್ನೇ ಕಂಡರು. ಜನರನ್ನು ಧೂಳಿಗೆ ತಳ್ಳಿ ಟ್ರಯಲ್ ಮಾಡಲು ಯಾರಿಗೂ ಹಕ್ಕಿಲ್ಲ. ಇಂಥ ತಿಳಿವಳಿಕೆ ಬರುವುದು ರೋಗಿಯ ಕಸುಬನ್ನು ಕೇಳಿ ಬರೆದಿಡುವ ಡಾಕ್ಟರಿಂದ. ಆದ್ದರಿಂದ ಹೋದಲ್ಲೆಲ್ಲ ‘20 ವರ್ಷ ಗ್ರಾನೈಟ್ ಕೆಲಸ’ ಎಂದು ಚೀಟಿಯಲ್ಲಿ ಬರೆಸಿ.

ಧೂಳು ಇವತ್ತಿನಿಂದಲೇ ನಿಲ್ಲಬೇಕು. ಬಾಯಿಗೆ ಸುತ್ತುವ ಟವೆಲ್ ಏನನ್ನೂ ತಡೆಯುವುದಿಲ್ಲ, ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಕೆಲಸ ಬಿಟ್ಟರೆ ಹೊಟ್ಟೆಗೇನು ಎಂದು ನೀವು ಕೇಳುತ್ತೀರಿ, ಗೊತ್ತು. ಕೊನೇಪಕ್ಷ ಕೊಯ್ಯುವ, ಪಾಲಿಶ್ ಹಿಡಿಯುವ ಜಾಗದಿಂದ ಲೋಡಿಂಗ್ ಲೆಕ್ಕ ಬರೆಯುವ ಕಡೆಗಾದರೂ ಬದಲಾಯಿಸಿಕೊಡಲು ಕೇಳಿ. ಉಳಿದ ಕೆಲಸಗಾರರಿಗಾಗಿ ನೀರು ಹಾಯಿಸುತ್ತಲೇ ಕೊಯ್ಯುವ ವ್ಯವಸ್ಥೆ ಇರಲಿ. ಎದೆಯ ಸಿಟಿ ಸ್ಕ್ಯಾನ್, ಉಸಿರಿನ ಪರೀಕ್ಷೆ, ಕಫದ ಪರೀಕ್ಷೆ ಮೂರೂ ಬೇಕು. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಟಿಬಿ ಬೇಗ ತಗಲುತ್ತದೆ. ಚರ್ಮದ ಕಾಯಿಲೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಶುರು ಮಾಡುವ ಮೊದಲು ಟಿಬಿ ಇಲ್ಲವೆಂದು ಖಾತ್ರಿಯಾಗಬೇಕು. ಸಿಲಿಕೋಸಿಸ್ ಎಂದು ತಿಳಿದರೆ ಅದು ಸರಕಾರಕ್ಕೆ ವರದಿ ಮಾಡಲೇಬೇಕಾದ ಕಸುಬಿನ ಕಾಯಿಲೆ. ಪರಿಹಾರದ ದಾರಿ ಅಲ್ಲಿಂದಲೇ ತೆರೆಯುವುದು, ಕಾಗದ ಪತ್ರ ಕಳೆದುಕೊಳ್ಳಬೇಡಿ.

ಪ್ರಶ್ನೆ: ಬೆಳಗ್ಗೆ ತಣ್ಣೀರು ಮುಟ್ಟಿದರೆ ಎರಡು ಬೆರಳು ಸುಣ್ಣದಂತೆ ಬಿಳುಚಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗುತ್ತವೆ. ವಯಸ್ಸು 27. ಇದು ಸ್ಕ್ಲೆರೋಡರ್ಮದ ಶುರುವೇ?
– ಮಡಿಕೇರಿ

ಉತ್ತರ: ಇದಕ್ಕೆ ರೇನೋ ಎಂದು ಹೆಸರು, 1862ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೊರಿಸ್ ರೇನೋ ಅವರದು. ಚಳಿಗೆ ರಕ್ತನಾಳ ಸೆಟೆದುಕೊಳ್ಳುವುದು ಅಷ್ಟೇ. ಬಹುಪಾಲು ಜನರಲ್ಲಿ ಇದು ಮುಂದೆ ಏನಕ್ಕೂ ತಿರುಗುವುದಿಲ್ಲ. ಬಿಸಿನೀರು ಬಳಸಿ, ಕೈಗೆ ಗವಸು ಹಾಕಿ, ಮೈಯನ್ನೂ ಬೆಚ್ಚಗಿಡಿ. ಬೀಡಿ ಸಿಗರೇಟು ಇದ್ದರೆ ಬಿಡಿ. ತಲೆನೋವಿಗೋ ಬಿಪಿಗೋ ಪ್ರೊಪ್ರನೊಲಾಲ್ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಅದರಿಂದ ಹೆಚ್ಚಾಗಬಹುದು. ತಡೆಯಲಾರದಷ್ಟಾದರೆ ರಕ್ತನಾಳ ಸಡಿಲಿಸುವ ನಿಫೆಡಿಪಿನ್ ಮಾತ್ರೆ ಇದೆ.

ಆದರೂ ಒಮ್ಮೆ, ಸ್ಕ್ಲೆರೋಡರ್ಮ, ಲೂಪಸ್‌ನಂಥ ಕಾಯಿಲೆಯ ಸುಳಿವು ಕೊಡುವ ಎಎನ್‌ಎ ರಕ್ತಪರೀಕ್ಷೆ ಮಾಡಿಸಿ, ಉಗುರಿನ ಬುಡ ತೋರಿಸಿ. ನಾನು ಅಲ್ಲಿಗೆ ಒಂದು ತೊಟ್ಟು ಎಣ್ಣೆ ಹಾಕಿ, ಕಣ್ಣು ಪರೀಕ್ಷಿಸುವ ದುರ್ಬೀನಿನಲ್ಲೇ ನೋಡುತ್ತೇನೆ. ಸರಿಯಿದ್ದವರಲ್ಲಿ ಸಣ್ಣ ರಕ್ತನಾಳಗಳು ಸೀರೆ ಸೆರಗಿನ ಕುಚ್ಚಿನಂತೆ ಒಂದೇ ಸಾಲಿನಲ್ಲಿ ಇಳಿಬಿದ್ದಿರುತ್ತವೆ. ಸ್ಕ್ಲೆರೋಡರ್ಮದಲ್ಲಿ ಕೆಲವು ಕುಚ್ಚು ಊದಿ, ಕೆಲವು ಉದುರಿ, ನಡುನಡುವೆ ಖಾಲಿ ಜಾಗ ಕಾಣುತ್ತದೆ. ನಿಮ್ಮದು ಸಾಲಾಗಿದ್ದು ಎಎನ್‌ಎ ನೆಗೆಟಿವ್ ಬಂದರೆ ಗವಸು ಸಾಕು. ಬೆರಳು ಊದಿ ಉಂಗುರ ಬಿಗಿಯಾಗತೊಡಗಿದರೆ ಅಥವಾ ತುದಿಯಲ್ಲಿ ಹುಣ್ಣಾದರೆ ಆ ವಾರವೇ ಬನ್ನಿ.